ಊರಿನ ಶುದ್ಧ ನೀರಿನ ಘಟಕ ಮತ್ತ ಬಂದ್: ರಿಪೇರಿ ಮಾಡಿಸೋದೋ, ನದಿ ನೀರಿಗೆ ಪಟ್ಟು ಹಿಡಿಯೋದೋ?

ಪ್ರಶ್ನೆ: ಕುಷ್ಟಗಿ_ಸೀಮೆ

ಎಲ್ಲರಿಗೂ ನಮಸ್ಕಾರ್ರಿ. ಕುಷ್ಟಗಿ ತಾಲೂಕಿನ ಊರು, ಹೆಚ್ಚೂಕಡಿಮಿ 300 ಮನಿ. ಬೋರಿನ ನೀರಿನಾಗ ಫ್ಲೋರೈಡ್ ಲೀಟರಿಗೆ 3.2 ಮಿಲಿಗ್ರಾಂ, ಟಿಡಿಎಸ್ (ನೀರಿನಾಗ ಕರಗಿದ ಉಪ್ಪಿನಂಶ) 1,800 ಅಂತ ಲ್ಯಾಬ್ ವರದಿ ಐತಿ. ಗಂಟೆಗೆ 1,000 ಲೀಟರ್ ಕೊಡೋ ಆರ್‌ಒ ಘಟಕ ಕೂಡಿಸ್ಯಾರ, ಕಾಯಿನ್ ಬಾಕ್ಸಿಂದು, 5 ರೂಪಾಯಿಗೆ 20 ಲೀಟರ್. ಮೊದಲು ಟಾಕಿ ಜಲ್ದಿ ಖಾಲಿ ಆಗಾಕ ಹತ್ತಿತು, ಆಮ್ಯಾಲೆ ನೀರು ಸವಳು ಬರಾಕ ಹತ್ತಿತು, ಈಗ ಬಾಗಿಲಿಗೆ ಕೀಲಿ ಬಿದ್ದೈತಿ. ಇದು ಮೊದಲನೇ ಸಲ ಅಲ್ಲ.

ದುಡ್ಡಿದ್ದವರ ಮನಿಗೆ ಪ್ಯಾಟಿಯಿಂದ ಗಾಡ್ಯಾಗ ಕ್ಯಾನ್ ಬರ್ತಾವ. ಉಳಿದವರು ಬೋರಿನ ನೀರೇ ಕುಡೀತಾರ.

ಊರಾಗ ಎರಡು ಅಭಿಪ್ರಾಯ ಅದಾವು. ಒಂದು ಗುಂಪು ಮೊದಲು ಘಟಕ ಚಾಲೂ ಮಾಡಿಸ್ರಿ ಅಂತೈತಿ. ಇನ್ನೊಂದು ಗುಂಪು, ಮನಿ ಮನಿಗೆ ನಲ್ಲಿ ಕೂಡಿಸಿ ಬಿಟ್ಟಾರ, ಕೃಷ್ಣಾ ನೀರು ವಾರಕ್ಕ ಎರಡು ಸಲ ಬಂದ್ರ ಬಂತು, ಘಟಕ ರಿಪೇರಿ ಆದ್ರ ನದಿ ನೀರಿನ ಕೂಗು ಅಲ್ಲಿಗೇ ನಿಂತು ಹೋಗ್ತೈತಿ, ಅದಕ್ಕ ಅದರ ಉಸಾಬರಿನೇ ಬ್ಯಾಡ ಅಂತೈತಿ. ಗ್ರಾಮಸಭಾದಾಗ ಇದನ್ನ ಎತ್ತಬೇಕು. ಮಷಿನ್ ಬಗ್ಗೆ ಗೊತ್ತಿದ್ದವರು, ಪಂಚಾಯ್ತಿ ಲೆಕ್ಕ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ. ಮೆಂಬ್ರೇನ್ (ಮಷಿನ್ ಒಳಗ ಉಪ್ಪು ಸೋಸೋ ಪೊರಿ) ಬದಲಿ ಮಾಡಬೇಕು, ಲಕ್ಷದ ಹತ್ತಿರ ಖರ್ಚು ಅಂತ ಒಬ್ಬರು ಹೇಳಿ ಹೋಗ್ಯಾರ. ಖರೇನ?

ಉತ್ತರ: ಫಿಲ್ಟರ್_ಮಿಸ್ತ್ರಿ_ರಾಯಚೂರು

ಮೆಂಬ್ರೇನ್ ಬದಲಿಸೋ ಮಾತು ಕಡೀಗೆ ಇರಲಿ ಸರ. ಅದು ಯಾಕ ಕೆಟ್ಟದ ಅಂತ ತಿಳಕೊಳ್ಳದಂಗ ಹೊಸಾದು ಹಾಕಿದ್ರ ಹೊಸಾದೂ ಆರು ತಿಂಗಳಿಗೆ ಅದೇ ಗತಿ. ನೆಟ್ಟಗ ನೋಡ್ಕೊಂಡ್ರ ಮೆಂಬ್ರೇನ್ ಎರಡರಿಂದ ಮೂರು ವರ್ಷ ಬರ್ತದ.

ಮಷಿನ್ ಒಂದು ತಾಸು ಚಾಲೂ ಮಾಡಿಸಿ ಇಷ್ಟು ಬರಕೊಳ್ರಿ: ಬೋರ್ ನೀರಿನ, ಶುದ್ಧ ನೀರಿನ ಮತ್ತ ಹೊರಗ ಬಿಡೋ ರಿಜೆಕ್ಟ್ ನೀರಿನ ಟಿಡಿಎಸ್, ಶುದ್ಧ ನೀರು, ರಿಜೆಕ್ಟ್ ನೀರು ಗಂಟೆಗೆ ಎಷ್ಟೆಷ್ಟು ಹೊಂಟಾವ ಅಂತ ಮುಂದಿನ ಗಾಜಿನ ಫ್ಲೋ ಮೀಟರ್‌ನ್ಯಾಗ, ಕಾರ್ಟ್ರಿಜ್‌ನ (ಮೆಂಬ್ರೇನ್‌ಕಿಂತ ಮೊದಲಿನ ಸಣ್ಣ ಫಿಲ್ಟರ್) ಮೊದಲು ಮತ್ತ ನಂತರದ ಪ್ರೆಶರ್, ಮೆಂಬ್ರೇನ್‌ನ ಮೊದಲು ಮತ್ತ ನಂತರದ ಪ್ರೆಶರ್. ಈ ಅಂಕಿಗಳಿಲ್ಲದೆ ಯಾವ ಮಿಸ್ತ್ರಿ ಏನು ಹೇಳಿದ್ರೂ ಅದು ಬರೇ ಅಂದಾಜು.

ಈಗ ಓದೋದು ಹೆಂಗ ಅಂದ್ರ, ಒಳಗ ಹೋಗೋ ನೀರು 1,800 ಟಿಡಿಎಸ್ ಇದ್ರ ಚಲೋ ಮೆಂಬ್ರೇನ್‌ನಿಂದ 70ರಿಂದ 120ರ ಸುತ್ತ ಬರಬೇಕು. ನೀರೂ ಕಡಿಮಿ ಆಗಿ ಟಿಡಿಎಸ್ಸೂ ಏರಿದ್ರ ಒಳಗ ಸುಣ್ಣದ ಪದರ ಕಟ್ಟದ. ನಿಮ್ಮೂರಿಂದು ಇದೇ ಅನ್ನಿಸ್ತದ, ಮೊದಲು ಟಾಕಿ ಖಾಲಿ ಆಗಿ ಆಮ್ಯಾಲೆ ಸವಳು ಬಂತು ಅಂತ ಬರೆದೀರಿ. ನೀರು ಕಡಿಮಿ ಆಗದೆ, ಇಲ್ಲಾ ಮೊದಲಿಗಿಂತ ಜಾಸ್ತಿನೇ ಬಂದು, ಟಿಡಿಎಸ್ ಒಮ್ಮೆಲೇ 500-600ಕ್ಕ ಜಿಗಿದ್ರ ಒಳಗಿನ ಓ-ರಿಂಗ್ ಹರಿದದ, ಇಲ್ಲಾ ಕ್ಲೋರಿನ್ ತಾಗಿ ಮೆಂಬ್ರೇನ್ ಸುಟ್ಟದ. ಓ-ರಿಂಗ್ ಆದ್ರ ಸಣ್ಣ ಖರ್ಚಿನ ಕೆಲಸ. ಸುಟ್ಟಿದ್ರ ಮಾತ್ರ ತೊಳದು ಉಪಯೋಗ ಇಲ್ಲ. ಟಿಡಿಎಸ್ ಸರಿ ಇದ್ದು ಪ್ರೆಶರ್ರೇ ಏರಲಿಲ್ಲಂದ್ರ ಪಂಪು, ಕಟ್ಟಿಕೊಂಡ ಕಾರ್ಟ್ರಿಜ್, ಉಸುಕಿನ ಫಿಲ್ಟರ್ ನೋಡ್ರಿ.

ಸುಣ್ಣ ಕಟ್ಟೋ ಮುಖ್ಯ ಕಾರಣ ನಮ್ಮ ಕಡೆ ಎಲ್ಲಾ ಊರಾಗ ಒಂದೇ: ರಿಜೆಕ್ಟ್ ವಾಲ್ ಬಿಗಿ ಮಾಡೋದು. 1,000 ಲೀಟರ್ ಶುದ್ಧ ನೀರಿಗೆ 2,000 ಲೀಟರ್ ಬೋರ್ ನೀರು ಬೇಕು, 1,000 ಹೊರಗ ಹೋಗಬೇಕು. ಬ್ಯಾಸಿಗ್ಯಾಗ ಬೋರ್ ಸೋತಾಗ, ನೀರು ಸುಮ್ಮನ ಹೋಗ್ತದ ಅಂತ ವಾಲ್ ತಿರುವತಾರ. ಅರ್ಧ ನೀರು ಹೊರಗ ಬಿಟ್ಟಾಗ ಆ ರಿಜೆಕ್ಟ್‌ನ್ಯಾಗ ಉಪ್ಪು ಎರಡು ಪಟ್ಟು ಆಗಿರ್ತದ, ಅಂದ್ರ 3,500ರ ಸುತ್ತ. ಬರೇ ಕಾಲು ಭಾಗ ಬಿಟ್ರ ನಾಲ್ಕು ಪಟ್ಟು, 7,000ದ ಹತ್ತಿರ, ಫ್ಲೋರೈಡ್ 12ರ ಮ್ಯಾಲೆ. ಅಷ್ಟು ಗಟ್ಟಿ ಆದ ನೀರಿನಾಗ ಸುಣ್ಣ ಕರಗಿ ಇರಾಕ ಆಗಂಗಿಲ್ಲ, ಮೆಂಬ್ರೇನ್ ಮ್ಯಾಲೆ ಕೂಡ್ತದ. ಅದಕ್ಕ ವಾಲ್ ಎಲ್ಲಿ ಇರಬೇಕೋ ಅಲ್ಲಿಗೆ ಪೇಂಟ್ ಗುರುತು ಹಾಕಿ ಹ್ಯಾಂಡಲ್ ತಗದು ಇಡ್ರಿ.

ಎರಡನೇ ಕಾರಣ ಆಂಟಿಸ್ಕೇಲಂಟ್, ಅಂದ್ರ ಸುಣ್ಣ ಕಟ್ಟದಂಗ ತಡಿಯೋ ಔಷಧ. ಬಾಜೂಕ ಸಣ್ಣ ಡಬ್ಬಿ, ಅದರ ಮ್ಯಾಲೆ ಸಣ್ಣ ಪಂಪು ಇರ್ತದಲ್ಲ, ಅದು. ದಿನಕ್ಕ 6 ತಾಸು ಓಡಿದ್ರ ಒಳಗ ಹೋಗೋ ನೀರು 12,000 ಲೀಟರ್. ಲೀಟರಿಗೆ 4 ಮಿಲಿಗ್ರಾಂನಂಗ 48 ಗ್ರಾಂ, ತಿಂಗಳಿಗೆ ಒಂದೂವರಿ ಕೆಜಿ. ಈ ಔಷಧ ತಂದ ಬಿಲ್ಲು ಪಂಚಾಯ್ತ್ಯಾಗ ಕೇಳ್ರಿ. ವರ್ಷಕ್ಕ 5 ಕೆಜಿಯ ಒಂದೇ ಕ್ಯಾನ್ ತಂದಿದ್ರ ಉತ್ತರ ಅಲ್ಲೇ ಸಿಕ್ತು. ಡಬ್ಬಿ ತುಂಬಿದ್ರೂ ಪೈಪ್‌ನ್ಯಾಗ ಗಾಳಿ ಹಿಡದು ಔಷಧ ಒಳಗ ಹೋಗದೇ ಇರೋದು ಭಾಳ ಕಡೆ ಅದ. ಡಬ್ಬಿ ಮ್ಯಾಲೆ ಪೆನ್ನಿಲೆ ಗೆರಿ ಎಳದು ಸಂಜಿಗೆ ಎಷ್ಟು ಇಳೀತು ಅಂತ ನೋಡ್ರಿ.

ಇನ್ನ ತೊಳಿಯೋದು. 100 ಲೀಟರ್ ಆರ್‌ಒ ನೀರಿಗೆ 2 ಕೆಜಿ ಸಿಟ್ರಿಕ್ ಆಸಿಡ್, ಅಂದ್ರ ನಿಂಬೂ ಉಪ್ಪು, ಕರಗಿಸಿ ಕಡಿಮಿ ಪ್ರೆಶರ್‌ನ್ಯಾಗ ಮುಕ್ಕಾಲು ತಾಸು ಸುತ್ತಿಸಬೇಕು, ಒಂದು ತಾಸು ನೆನೆಯಾಕ ಬಿಡಬೇಕು, ಮತ್ತ ಸುತ್ತಿಸಬೇಕು. ಕೂಡೇ ಪಿಎಚ್ ಪಟ್ಟಿ ಇಟ್ಟು 2ಕ್ಕಿಂತ ಕೆಳಗ ಇಳೀದಂಗ ನೋಡ್ಕೊಳ್ರಿ. ಆಮ್ಯಾಲೆ ಬೋರ್ ನೀರಿಲೆ ತೊಳದು, ಮೊದಲ ಅರ್ಧ ತಾಸಿನ ಶುದ್ಧ ನೀರು ಚೆಲ್ಲಬೇಕು. ಆ ಹೊತ್ತಿನ್ಯಾಗ ಬ್ಲೀಚಿಂಗ್ ಪೌಡರ್ ಹತ್ತಿರ ತರಬ್ಯಾಡ್ರಿ, ಆಸಿಡ್ ಜೋಡಿ ಸೇರಿದ್ರ ವಿಷದ ಗಾಳಿ ಏಳ್ತದ. ತೊಳದ ಮ್ಯಾಲೂ ನೀರು ಏರಲಿಲ್ಲಂದ್ರ ಕಡೀ ಮೆಂಬ್ರೇನ್, ರಿಜೆಕ್ಟ್ ಹೊರಗ ಬರೋ ತುದೀದು, ಹೊರಗ ತಗೀರಿ. ಅಂಚಿನ ಜಾಳಗಿ ಮ್ಯಾಲೆ ಬೆರಳಾಡಿಸಿದ್ರ ಬೆಳ್ಳಗ ಉಸುಕಿನಂಗ ಹತ್ತಿದ್ರ ಅದು ಸುಣ್ಣ. ಅದೊಂದೇ ಪೂರಾ ಕಟ್ಟಿದ್ದು, ಮುಂದಿನವು ಚಲೋ ಇರೋದೂ ಉಂಟು. ನಾಲ್ಕೂ ಮೆಂಬ್ರೇನ್ ಬದಲಿಸ್ರಿ ಅಂದವರಿಗೆ ಇದನ್ನ ತೋರಿಸಿ ಕೇಳ್ರಿ.

ಉಳಿದದ್ದು ಸಣ್ಣದು: ಉಸುಕು ಮತ್ತ ಇದ್ದಲಿ ಫಿಲ್ಟರ್ ದಿನಾ 10-15 ನಿಮಿಷ ಉಲ್ಟಾ ನೀರು ಬಿಟ್ಟು ತೊಳಿಯೋದು, ಕಾರ್ಟ್ರಿಜ್ ಎರಡೂ ಕಡೀ ಪ್ರೆಶರ್ ಒಂದು ಕೆಜಿ ಫರಕ್ ಬರೋದ್ರೊಳಗ ಬದಲಿಸೋದು. ಮತ್ತ ಲೋ ಪ್ರೆಶರ್ ಸ್ವಿಚ್‌ಗೆ ಯಾರಾದ್ರೂ ವೈರ್ ಸುತ್ತಿ ಬೈಪಾಸ್ ಮಾಡ್ಯಾರೇನು ನೋಡ್ರಿ. ಬೋರ್ ನಿಂತಾಗ ಪಂಪು ಒಣಾ ಓಡಿ ಸುಡೋದು ಇದರಿಂದನೇ.

ಉತ್ತರ: ನೀರು_ಪರೀಕ್ಷೆ_ಕೊಪ್ಪಳ

ಯಂತ್ರದ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನೀರಿನ ಬಗ್ಗೆ ನಾನು ಸೇರಿಸುತ್ತೇನೆ.

ಭಾರತೀಯ ಮಾನಕದ (ಐಎಸ್ 10500) ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನಿಮ್ಮದು 3.2. ಆದರೆ ಈ ಅಂಕಿ ಎಲ್ಲರ ಮೈಗೂ ಒಂದೇ ಪ್ರಮಾಣದಲ್ಲಿ ಹೋಗುವುದಿಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರು ದಿನಕ್ಕೆ 6 ಲೀಟರ್ ಕುಡಿಯುತ್ತಾರೆ. ಅವರ ಹೊಟ್ಟೆಗೆ 19 ಮಿಲಿಗ್ರಾಂ. ಅದೇ ನೀರನ್ನು ಫ್ಯಾನಿನ ಕೆಳಗೆ ಕೂತು ಎರಡೂವರೆ ಲೀಟರ್ ಕುಡಿಯುವವರಿಗೆ 8. ಕ್ಯಾನ್ ನೀರು ಕೊಳ್ಳುವ ಶಕ್ತಿ ಇರುವುದು ಈ ಎರಡನೆಯವರಿಗೆ. ಸೊಂಟ, ಮೊಣಕಾಲು ಹಿಡಿದುಕೊಂಡು ನಲವತ್ತಕ್ಕೇ ದುಡಿಮೆ ಬಿಡಬೇಕಾದ ಸ್ಥಿತಿ ಯಾವ ಓಣಿಯಲ್ಲಿ ಹೆಚ್ಚು ಎಂಬುದನ್ನು ಇದೇ ಲೆಕ್ಕ ಹೇಳುತ್ತದೆ. ಗ್ರಾಮಸಭೆಯಲ್ಲಿ ಟಿಡಿಎಸ್ ಬದಲು ಈ ಮಾತು ಎತ್ತಿ.

ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಇವು ಯಾವುವೂ ಅದನ್ನು ಮುಟ್ಟುವುದಿಲ್ಲ. ಬಹಳ ಮನೆಗಳಲ್ಲಿ ಕುಡಿಯಲು ಘಟಕದ ನೀರು, ಬೇಳೆ ಬೇಯಿಸಲು, ಅನ್ನಕ್ಕೆ, ಚಹಾಕ್ಕೆ ಬೋರ್ ನೀರು. ಹೀಗಾದರೆ ಅರ್ಧ ಕೆಲಸ ಮಾತ್ರ ಆದಂತೆ, ಏಕೆಂದರೆ ಬೇಳೆ, ಅಕ್ಕಿ ಹೀರಿಕೊಂಡ ನೀರೆಲ್ಲ ಹೊಟ್ಟೆಗೇ ಹೋಗುತ್ತದೆ. ಐದು ಜನರ ಮನೆಗೆ ಕುಡಿಯಲು 15 ಲೀಟರ್, ಅಡುಗೆಗೆ 5ರಿಂದ 7 ಲೀಟರ್. ಒಂದು ಕ್ಯಾನ್ ಅಷ್ಟಕ್ಕಷ್ಟೇ, ಬೇಸಿಗೆಯಲ್ಲಿ ಸಾಲದು. ಹಾಲುಹಲ್ಲಿನ ಮಕ್ಕಳಿರುವ ಮನೆ, ಬಸುರಿ-ಬಾಣಂತಿಯರ ಮನೆ, ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಮೊದಲು ಈ ನೀರು ಸಿಗಬೇಕು. ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುವುದು ಎಂಟು ವರ್ಷದೊಳಗೆ ಹಲ್ಲು ಒಳಗೆ ಬೆಳೆಯುವಾಗ ಕುಡಿದ ನೀರಿನಿಂದ. ಒಮ್ಮೆ ಬಿದ್ದರೆ ಹೋಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ರುಚಿ ಸಪ್ಪೆ ಎಂದು ಕೆಲವು ಘಟಕಗಳಲ್ಲಿ ಬೋರ್ ನೀರನ್ನು ಶುದ್ಧ ನೀರಿಗೆ ಬೆರೆಸುವ ವಾಲ್ ತೆರೆದಿಡುತ್ತಾರೆ. ಶುದ್ಧ ನೀರಿನಲ್ಲಿ ಫ್ಲೋರೈಡ್ 0.2 ಇದೆ ಎಂದುಕೊಳ್ಳಿ. ಹತ್ತರಲ್ಲಿ ಒಂದು ಪಾಲು ಬೋರ್ ನೀರು ಬೆರೆಸಿದರೆ 0.5, ಮೂರು ಪಾಲಾದರೆ 1.1, ಅರ್ಧಕ್ಕರ್ಧ ಆದರೆ 1.7. ಸಪ್ಪೆ ನೀರು ಬೇಡ ಎನ್ನುವವರ ಮಾತಿಗೆ ಆ ವಾಲ್ ತೆರೆಯಬಾರದು.

ಪರೀಕ್ಷೆಗೆ ನೀರು ಹಿಡಿಯುವಾಗ ನಲ್ಲಿ ಎರಡು ಮೂರು ನಿಮಿಷ ಹರಿಯಲಿ, ಅದೇ ನೀರಿನಿಂದ ಮೂರು ಸಲ ತೊಳೆದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಸೀಸೆ ಬೇಡ. ಯಾವ ಬೋರ್, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೇಲೆ ಬರೆಯಿರಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧೀಕರಿಸಿದ ಸೀಸೆ ಬೇಕು, ಐಸ್ ಜೊತೆ ಅದೇ ದಿನ ತಲುಪಬೇಕು. ಜಲ ಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಪರೀಕ್ಷೆ ಕಲಿಸಬೇಕೆಂಬ ವ್ಯವಸ್ಥೆ ಇದೆ. ನಿಮ್ಮೂರಲ್ಲಿ ಆ ಕಿಟ್ ಯಾರ ಹತ್ತಿರ ಇದೆ ಎಂದು ಮೊದಲು ಪತ್ತೆ ಹಚ್ಚಿ. ಬಣ್ಣ ಹೋಲಿಸಿ ನೋಡುವ ಆ ಪರೀಕ್ಷೆ ಘಟಕದ ನೀರು ಸರಿಯೋ ತಪ್ಪೋ ಎಂದು ತಿಳಿಯಲು ಸಾಕು. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಸುತ್ತಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಆರ್ಸೆನಿಕ್ ಕೂಡ ಲ್ಯಾಬಿನಲ್ಲಿ ನೋಡಿಸಿ. ಮಿತಿ 0.01 ಮಿಲಿಗ್ರಾಂ.

ಕುಷ್ಟಗಿ_ಸೀಮೆ

ಇಬ್ಬರಿಗೂ ಭಾಳ ಉಪಕಾರ ಆತ್ರಿ. ರಿಜೆಕ್ಟ್ ವಾಲ್ ಪೂರಾ ಬಿಗಿ ಐತಿ, ಆಂಟಿಸ್ಕೇಲಂಟ್ ಡಬ್ಬಿ ಒಣಗಿ ಬಿದ್ದೈತಿ. ಇನ್ನೊಂದು ವಿಷಯ: ಈ ಸಲ ರಿಪೇರಿ ಆದ್ರ ಕಾಯಿನ್ ಬಾಕ್ಸ್ ತಗದು ಕಾರ್ಡ್ ಮಷಿನ್ ಇಲ್ಲಾ ಫೋನ್‌ಪೇ ಮಾಡೋಣು, ರೊಕ್ಕ ಯಾರ ಕೈಯಾಗೂ ಸಿಗಂಗಿಲ್ಲ ಅಂತ ಹುಡುಗರು ಅಂತಾರ. ಕೂಲಿಗೆ ಹೋಗೋರು ಮುಂಜಾನೆ ಆರಕ್ಕ ಟಂಟಂ ಹತ್ತಿ ಹೋಗ್ತಾರ, ಘಟಕದ ಬಾಗಿಲು ತಗಿಯೋದು ಎಂಟಕ್ಕ. ಅದಕ್ಕೂ ಏನಾದ್ರೂ ದಾರಿ ಐತೇನ್ರಿ?

ಉತ್ತರ: ಸಿರುಗುಪ್ಪ_ನಾಡು

ಬರೀ ಫೋನ್‌ಪೇ ಮಾತ್ರ ಮಾಡಬೇಡಿ. ಫೋನಿರೋದು ಮನೆಗೊಂದು, ಅದು ದುಡಿಯೋಕೆ ಹೋದವರ ಜೇಬಲ್ಲಿರುತ್ತೆ. ನೀರು ತರೋದು ಹೆಂಗಸರು, ವಯಸ್ಸಾದವರು, ಶಾಲೆ ಹುಡುಗ್ರು. ನೆಟ್‌ವರ್ಕ್ ಹೋದರೆ, ಬ್ಯಾಂಕ್ ಸರ್ವರ್ ನಿಂತರೆ ನೀರೂ ನಿಲ್ಲುತ್ತೆ. ಕುಡಿಯೋ ನೀರನ್ನ ಇನ್ನೊಬ್ಬರ ಸರ್ವರ್‌ಗೆ ಕಟ್ಟಿಹಾಕೋದು ತಪ್ಪು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಕಾರ್ಡ್ ಬೇರೆ. ಮುಟ್ಟಿಸಿದರೆ ಸಾಕು ಅನ್ನೋ ಕಾರ್ಡಲ್ಲಿ ದುಡ್ಡು ಕಾರ್ಡಲ್ಲೇ ಇರುತ್ತೆ, ನೆಟ್‌ವರ್ಕ್ ಬೇಕಾಗಿಲ್ಲ, ಕರೆಂಟು ಇದ್ದರೆ ಆಯ್ತು. ಅದರಲ್ಲಿ ಎರಡು ಅನುಕೂಲ. ಒಂದು, ಬಾಗಿಲು ಕಾಯೋರು ಬೇಡ, ಹೊರಗಿನ ನಲ್ಲಿಯಲ್ಲಿ ಬೆಳಗಿನ ಐದಕ್ಕೂ ಹಿಡೀಬಹುದು. ಹಿಂದಿನ ಸಂಜೆ ಟ್ಯಾಂಕ್ ತುಂಬಿಸಿ ಇಡಬೇಕು ಅಷ್ಟೇ. ಎರಡು, ಎಷ್ಟು ಕ್ಯಾನ್ ಹೋಯ್ತು ಅನ್ನೋ ಲೆಕ್ಕ ಮಷಿನ್‌ನಲ್ಲಿ ಉಳಿಯುತ್ತೆ. ಬಡವರ ಮನೆಗೆ ಉಚಿತ ಕೊಡಬೇಕು ಅಂದ್ರೆ ಅವರ ಕಾರ್ಡಿಗೆ ತಿಂಗಳಿಗೆ 30 ಕ್ಯಾನ್ ತುಂಬಿಸಿದರೆ ಮುಗೀತು. ಸಾಲಲ್ಲಿ ನಿಂತವರಿಗೆ ಯಾರ ಕಾರ್ಡು ಉಚಿತ ಅಂತ ಗೊತ್ತೂ ಆಗಲ್ಲ. ಸಮಸ್ಯೆ ರೀಚಾರ್ಜ್‌ದು. ರೀಚಾರ್ಜ್ ಮಾಡೋ ಪುಟ್ಟ ಮಷಿನ್ ಕಂಪನಿಯವರ ಹತ್ತಿರ ಮಾತ್ರ ಇದ್ದರೆ ಮತ್ತೆ ಅವರ ಹಿಂದೆ ಓಡಾಡಬೇಕು. ಊರಿನ ಕಿರಾಣಿ ಅಂಗಡಿಯಲ್ಲೋ ಸ್ತ್ರೀಶಕ್ತಿ ಸಂಘದವರ ಹತ್ತಿರವೋ ಇರೋ ಹಾಗೆ ಒಪ್ಪಂದದಲ್ಲೇ ಬರೆಸಿ.

ಕಾಯಿನ್ ಬಾಕ್ಸ್ ತೆಗೀಬೇಡಿ, ಪಕ್ಕದಲ್ಲೇ ಇರಲಿ. ನಾಣ್ಯ ವಾಪಸ್ ಬೀಳ್ತಾ ಇದ್ರೆ ಮಷಿನ್ ಕೆಟ್ಟಿದೆ ಅಂತಲ್ಲ. ಒಳಗೆ ಒಂದು ಮಾದರಿ ನಾಣ್ಯ ಇಟ್ಟಿರ್ತಾರೆ, ಅದಕ್ಕೆ ಹೋಲದ್ದನ್ನ ಹೊರಗೆ ಹಾಕುತ್ತೆ. 5 ರೂಪಾಯಿ ನಾಣ್ಯ ದಪ್ಪ ಬೇರೆ, ಲೋಹ ಬೇರೆ ಇರೋವು ಚಲಾವಣೆಯಲ್ಲಿ ಇದಾವೆ. ನಿಮ್ಮೂರಲ್ಲಿ ಯಾವುದು ಹೆಚ್ಚು ಓಡಾಡುತ್ತೋ ಅದನ್ನ ಮಾದರಿಯಾಗಿ ಇಡಿಸಿ.

ಉತ್ತರ: ಗ್ರಾಮಸಭೆ_ನಮ್ಮದು

ಲೆಕ್ಕದ ಭಾಗ ನಾನು ಬರೀತೀನಿ, ಜಗಳ ಗೆಲ್ಲೋದು ಇಲ್ಲೇ.

ನಿಮ್ಮ ಘಟಕ ದಿನಕ್ಕ 6 ತಾಸು ಓಡಿದ್ರ 6,000 ಲೀಟರ್, 300 ಕ್ಯಾನ್. ಎಲ್ಲಾ ಮಾರಾಟ ಆದ್ರ ದಿನಕ್ಕ 1,500, ತಿಂಗಳಿಗೆ 45,000 ರೂಪಾಯಿ. ಖರ್ಚು ನೋಡ್ರಿ. ನಡೆಸೋರಿಗೆ 10,000. 3 ಕಿಲೋವ್ಯಾಟ್ ಲೋಡು ಅಂದ್ರ ತಿಂಗಳಿಗೆ 540 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಹಿಡಿದ್ರ 3,780. ಆಂಟಿಸ್ಕೇಲಂಟ್, ಕಾರ್ಟ್ರಿಜ್ ಸೇರಿ 1,000. ನಾಲ್ಕು ಮೆಂಬ್ರೇನಿಗೆ 60,000 ಅಂತ ಹಿಡಿದು ಎರಡು ವರ್ಷಕ್ಕ ಹಂಚಿದ್ರ ತಿಂಗಳಿಗೆ 2,500. ಪಂಪು, ಇದ್ದಲಿ, ಯುವಿ ದೀಪಕ್ಕ 2,000 ತಗದಿಡ್ರಿ. ಒಟ್ಟು 20,000ದ ಒಳಗ. ದರ ನಿಮ್ಮ ಕಡೆ ಸ್ವಲ್ಪ ಹೆಚ್ಚೂಕಡಿಮಿ ಇರಬಹುದು, ಬಿಲ್ಲು ನೋಡಿ ತಿದ್ದಿಕೊಳ್ರಿ. ಆದ್ರ ದಿನಕ್ಕ 150 ಕ್ಯಾನ್ ಹೋದ್ರೂ 22,500 ಬರ್ತೈತಿ, ಘಟಕ ತನ್ನ ಕಾಲ ಮ್ಯಾಲೆ ನಿಲ್ತೈತಿ. 50 ಮನಿಗೆ ಉಚಿತ ಕೊಟ್ರೂ ನಿಲ್ತೈತಿ.

ಹಂಗಾದ್ರ ಮೆಂಬ್ರೇನಿಗೆ ರೊಕ್ಕ ಇಲ್ಲ ಅನ್ನೋ ಮಾತು ಎಲ್ಲಿಂದ ಬಂತು? ಕಾಯಿನ್ ಡಬ್ಬಿಯ ರೊಕ್ಕ ಯಾವ ಖಾತೆಗೆ ಹೋಗ್ತೈತಿ ಅನ್ನೋದೇ ಭಾಳ ಊರಾಗ ಬರಹದಾಗ ಇರಂಗಿಲ್ಲ. ನಿಮ್ಮ ಮೊದಲ ಬೇಡಿಕೆ ಇದು: ಘಟಕಕ್ಕ ಬೇರೆ ಬ್ಯಾಂಕ್ ಖಾತೆ, ವಾರಕ್ಕೊಮ್ಮೆ ಮೂವರ ಎದುರು ಡಬ್ಬಿ ತಗದು ಎಣಿಸಿ ಪುಸ್ತಕದಾಗ ಸಹಿ, ತಿಂಗಳ ಜಮಾ-ಖರ್ಚು ಘಟಕದ ಬಾಗಿಲಿಗೇ ಅಂಟಿಸೋದು.

ಎರಡನೇದು, ಘಟಕ ಯಾರದು ಅನ್ನೋದನ್ನ ಕಾಗದದಾಗ ಹಿಡೀರಿ. ಕೆಲವು ಇಲಾಖೆ ಕೂಡಿಸಿದ್ದು, ಕೆಲವು ಶಾಸಕರ ಅನುದಾನದ್ದು, ಕೆಲವು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು, ಕೆಲವು ಕಂಪನಿಗಳು ಕೊಟ್ಟಿದ್ದು. ಟೆಂಡರಿನಾಗ ಕೆಲವು ವರ್ಷದ ನಿರ್ವಹಣೆ ಗುತ್ತಿಗೆದಾರರದೇ ಅಂತ ಇರೋದು ಸಾಮಾನ್ಯ. ಅವಧಿ ಮುಗಿಯೋಕಿಂತ ಮೊದಲು ಕೆಟ್ಟಿದ್ರ ರಿಪೇರಿ ಪುಕ್ಕಟೆ ಆಗಬೇಕು. ಅದಕ್ಕ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ: 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ, 30 ದಿನದಾಗ ಉತ್ತರ. ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗ ಇರಬೇಕು. ಇದನ್ನ ಮೀರಿದ್ರ ಆ ನೆವದಾಗೇ ವಾಪಸ್ ಕಳಸ್ತಾರ. ಒಂದು ಅರ್ಜಿ ಒಪ್ಪಂದದ ಪ್ರತಿಗೆ, ಇನ್ನೊಂದು ಎರಡು ವರ್ಷದ ಜಮಾ-ಖರ್ಚಿಗೆ. ಕೂಡಿಸಬ್ಯಾಡ್ರಿ.

ರೊಕ್ಕದ ಮೂಲ ಬೇಕಂದ್ರ, 15ನೇ ಹಣಕಾಸು ಆಯೋಗದ 2021-26ರ ಅನುದಾನದಾಗ ಪಂಚಾಯ್ತಿಗೆ ಬಂದದ್ದರಾಗ ಶೇ 60 ನಿರ್ಬಂಧಿತ (ಹೇಳಿದ ಬಾಬ್ತಿಗೇ ಖರ್ಚು ಮಾಡಬೇಕಾದದ್ದು), ಅದರಾಗ ಅರ್ಧ, ಅಂದ್ರ ಒಟ್ಟಿನ ಶೇ 30, ಕುಡಿಯೋ ನೀರಿನ ಬಾಬ್ತಿಗೆ ಮೀಸಲು. ಆ ಶೇ 30 ವರ್ಷವಾರು ಯಾವುದಕ್ಕ ಹೋಗೈತಿ ಅಂತ ಗ್ರಾಮಸಭಾದಾಗ ಓದಿಸ್ರಿ, ನಡಾವಳಿಯಾಗ ಬರೆಸ್ರಿ. ಬಾಯಿಲೆ ಆದ ಮಾತು ನಿಲ್ಲಂಗಿಲ್ಲ.

ನಮ್ಮ ಭಾಗದ ರಾಜಕೀಯದ ದೊಡ್ಡ ಲೋಪ ಇದು ಅಂತ ನನ್ನ ಅಭಿಪ್ರಾಯ. 2002ರ ನಂಜುಂಡಪ್ಪ ವರದಿ ನಮ್ಮ ತಾಲೂಕುಗಳನ್ನ ಹಿಂದುಳಿದವು ಅಂತ ಪಟ್ಟಿ ಮಾಡಿತು, 2013ರಾಗ ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ಕಲಮು ಜಾರಿಗೆ ಬಂತು, ಅನುದಾನನೂ ಬಂತು. ಕಟ್ಟಡಕ್ಕ, ಯಂತ್ರಕ್ಕ ರೊಕ್ಕ ಸಿಗ್ತೈತಿ, ಉದ್ಘಾಟನೆ ಆಗ್ತೈತಿ. ಆ ಯಂತ್ರ ನಡೆಸೋ ಒಬ್ಬರಿಗೆ ತಿಂಗಳ ಪಗಾರ, ವರ್ಷಕ್ಕ ಒಂದಿಷ್ಟು ಔಷಧ, ಇದಕ್ಕ ಯಾವ ತಲೆಬರಹದಾಗೂ ಜಾಗ ಇರಂಗಿಲ್ಲ. ಹತ್ತು ಊರಿಗೆ ಒಬ್ಬ ತರಬೇತಿ ಆದ ಮೆಕ್ಯಾನಿಕ್, ಒಂದು ಬೈಕು, ಬಿಡಿಭಾಗದ ಒಂದು ಪೆಟ್ಟಿಗಿ ಕೊಟ್ರ ಅರ್ಧಕ್ಕರ್ಧ ಘಟಕ ಮತ್ತ ಓಡ್ತಾವ. ಓಟು ಕೇಳಾಕ ಬಂದವರಿಗೆ ಹೊಸ ಘಟಕ ಕೇಳಬ್ಯಾಡ್ರಿ, ಈ ಮೆಕ್ಯಾನಿಕ್ ಹುದ್ದೆ ಕೇಳ್ರಿ.

ಉತ್ತರ: ಎಡದೊರೆ_ಸೀಮೆ

ನನಗ ಮ್ಯಾಲಿನವರ ಜೋಡಿ ಪೂರ್ತಿ ಒಪ್ಪಿಗಿ ಇಲ್ಲ. ಕೃಷ್ಣಾ ಒಂದು ಕಡೆ, ತುಂಗಭದ್ರಾ ಒಂದು ಕಡೆ ಹರಿಯೋ ಸೀಮ್ಯಾಗ ಜನ ಕೊಡ ಹಿಡಕೊಂಡು ನಾಣ್ಯ ಹಾಕಿ ನೀರು ಕೊಳ್ಳೋದನ್ನ ಪರಿಹಾರ ಅನ್ನಬಾರದು. ಬೋರ್ ಇಳೀತಾ ಹೋದಂಗ ಫ್ಲೋರೈಡ್ ಏರೋದು ಭಾಳ ಕಡೆ ಅದ. ನಡೆಯಾಕ ಆಗದ ಮುದುಕಿ ಘಟಕದಿಂದ 20 ಲೀಟರ್ ಹೊತ್ತು ತರಾಕ ಆಗಂಗಿಲ್ಲ, ಮನಿ ನಲ್ಲಿಗೆ ಬಂದ ನೀರು ಅಕಿಗೂ ಸಿಗ್ತದ. 2019ರಾಗ ಶುರು ಆದ ಜಲ ಜೀವನ್ ಮಿಷನ್ ಹೇಳೋದು ಒಬ್ಬರಿಗೆ ದಿನಕ್ಕ 55 ಲೀಟರ್. ವಾರಕ್ಕ ಎರಡು ಸಲ ಅಂತ ಎಲ್ಲೂ ಬರೆದಿಲ್ಲ.

ಆದ್ರ ನದಿ ನೀರು ಕೇಳೋರು ಒಂದು ವಿಷಯ ಕಣ್ಣಿಟ್ಟು ನೋಡಬೇಕು. ನದಿ ನೀರು ಕಡಿಮಿ ಬಿದ್ದ ದಿನ ವಾಟರ್‌ಮನ್ ಅದೇ ಓವರ್‌ಹೆಡ್ ಟ್ಯಾಂಕಿಗೆ ಬೋರ್ ನೀರು ಏರಿಸ್ತಾನ. ನಲ್ಲಿ ಅದೇ, ಪೈಪ್ ಅದೇ, ಜನ ನದಿ ನೀರಂತ ಕುಡೀತಾರ. ಇದನ್ನ ಹಿಡಿಯಾಕ ಒಂದು ಪೆನ್ನಿನಂಥ ಟಿಡಿಎಸ್ ಮೀಟರ್ ಸಾಕು. ನದಿ ನೀರು ಸಾಮಾನ್ಯವಾಗಿ 500ರೊಳಗ ಇರ್ತದ, ನಿಮ್ಮ ಬೋರ್ 1,800. ನಲ್ಲ್ಯಾಗ 1,000 ತೋರಿಸಿದ್ರ ಅರ್ಧಕ್ಕರ್ಧ ಬೋರು. ಮೀಟರ್ ಫ್ಲೋರೈಡ್ ತೋರಿಸಂಗಿಲ್ಲ ಅನ್ನೋದು ನೆನಪಿರಲಿ, ಬೆರಕಿ ಆಗ್ಯದ ಅನ್ನೋದನ್ನ ಮಾತ್ರ ಹೇಳ್ತದ. ತಿಂಗಳಾನುಗಟ್ಟಲೆ ದಿನಾ ಬರದಿಟ್ಟ ಆ ಅಂಕಿ ಕೈಯಾಗಿದ್ರ, ನೀರು ಕೊಡ್ತಾ ಇದ್ದೀವಿ ಅನ್ನೋ ಉತ್ತರಕ್ಕ ಎದುರು ನಿಲ್ಲಬಹುದು.

ಬಹುಗ್ರಾಮ ಯೋಜನ್ಯಾಗ ಕೊನೀ ಊರಿಗೆ ನೀರು ಬಾರದಿರೋ ಕಾರಣ ಮೂರು: ಜಾಕ್‌ವೆಲ್‌ನ್ಯಾಗ (ನದಿಯಿಂದ ನೀರೆತ್ತೋ ಬಾವಿ) ಕರೆಂಟ್ ಹೋಗೋದು, ನಡುವ ಪೈಪ್ ಒಡಿಯೋದು, ಮುಂದಿನ ಊರಿನವರು ವಾಲ್ ಪೂರಾ ತಗದು ತಮ್ಮ ಟ್ಯಾಂಕ್ ತುಂಬಿ ಹರಿಯೋತನ ಬಿಡೋದು. ಮೂರನೇದಕ್ಕ ಪ್ರತಿ ಊರಿನ ಟ್ಯಾಂಕಿನ ಬಾಯಾಗ ಮೀಟರ್ ಕೂಡಿಸಿ, ಯಾರಿಗೆ ಎಷ್ಟು ಅಂತ ತಾಲೂಕು ಮಟ್ಟದಾಗ ಬಹಿರಂಗ ಮಾಡೋದೊಂದೇ ದಾರಿ. ಮೀಟರ್ ಕೇಳ್ರಿ.

ನದಿ ನೀರಿನ ಅಪಾಯನೂ ಹೇಳಬೇಕು. 2022ರಾಗ ರಾಯಚೂರು ನಗರದಾಗ, 2023ರಾಗ ನಿಮ್ಮ ಜಿಲ್ಲಾದ ಬಸರಿಹಾಳದಾಗ ಕಲುಷಿತ ನೀರಿಗೆ ಜೀವ ಹೋಗ್ಯಾವ. ಪೈಪ್ ಚರಂಡಿ ದಾಟೋ ಜಾಗ ಎಲ್ಲೆಲ್ಲಿ ಅವ ಅಂತ ಊರು ಸುತ್ತಿ ಗುರುತು ಮಾಡ್ರಿ. ನೀರು ಬಂದು ನಿಂತ ಕೂಡ್ಲೆ ಪೈಪ್ ಖಾಲಿ ಆಗಿ ಒಡಕಿನಿಂದ ಹೊಲಸು ಒಳಗ ಎಳಕೊಳ್ತದ, ವಾರಕ್ಕ ಎರಡು ಸಲ ನೀರು ಬಿಡೋ ಊರಿಗೆ ಇದೇ ದೊಡ್ಡ ಕುತ್ತು. ಕೊನೀ ಮನಿ ನಲ್ಲ್ಯಾಗ ಕ್ಲೋರಿನ್ 0.2 ಮಿಲಿಗ್ರಾಂ ಉಳದಿರಬೇಕು. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 1 ಮಿಲಿಗ್ರಾಂ ಹಾಕಬೇಕಂದ್ರ ಶೇ 25 ಸತ್ವದ ಬ್ಲೀಚಿಂಗ್ ಪೌಡರ್ 200 ಗ್ರಾಂ. ಬಕೀಟಿನಾಗ ಕಲಸಿ, ಕೆಳಗ ಸುಣ್ಣ ಕೂತ ಮ್ಯಾಲೆ ಮ್ಯಾಲಿನ ತಿಳಿ ಮಾತ್ರ ಹಾಕಿ, ಅರ್ಧ ತಾಸು ಬಿಟ್ಟು ನೀರು ಬಿಡ್ರಿ. ಬಾಯಿ ಬಿಚ್ಚಿ ಇಟ್ಟ ಚೀಲದಾಗ ಸತ್ವ ಉಳಿಯಂಗಿಲ್ಲ.

ಘಟಕ ರಿಪೇರಿ ಬ್ಯಾಡ ಅನ್ನೋರ ಜೋಡಿ ಮಾತ್ರ ನಾನಿಲ್ಲ. ನದಿ ನೀರಿನ ಹೋರಾಟ ವರ್ಷಗಟ್ಟಲೆ ನಡೀತದ, ಅಲ್ಲೀತನ ಹುಡುಗರ ಹಲ್ಲು, ಎಲುಬು ಕಾಯಂಗಿಲ್ಲ. ಠರಾವು ಎರಡೂ ಕೂಡೇ ಮಾಡಿಸ್ರಿ: ಘಟಕ ಇಷ್ಟು ದಿನದಾಗ ಚಾಲೂ, ಮತ್ತ ಅದು ನದಿ ನೀರಿಗೆ ಬದಲಿ ಅಲ್ಲ ಅಂತ ಅದೇ ಠರಾವಿನಾಗ ಒಂದು ಸಾಲು.

ಉತ್ತರ: ಫಿಲ್ಟರ್_ಮಿಸ್ತ್ರಿ_ರಾಯಚೂರು

ಮ್ಯಾಲಿನವರು ಕ್ಲೋರಿನ್ ಮಾತು ಎತ್ತಿದ್ದು ಚಲೋ ಆತು. ಘಟಕಕ್ಕ ಓವರ್‌ಹೆಡ್ ಟ್ಯಾಂಕಿನ ನೀರು ಕೊಟ್ಟಿದ್ರ ಇದ್ದಲಿ ಫಿಲ್ಟರ್ ತಾಜಾ ಇರಲೇಬೇಕು, ವರ್ಷ-ಒಂದೂವರಿ ವರ್ಷಕ್ಕ ಇದ್ದಲಿ ಬದಲಿಸಬೇಕು. ಇಲ್ಲಂದ್ರ ಬ್ಲೀಚಿಂಗ್ ಹಾಕಿದ ದಿನನೇ ಮೆಂಬ್ರೇನ್ ಸುಡಾಕ ಶುರು. ಆದಷ್ಟು ಬೋರಿನಿಂದ ಸೀದಾ ಲೈನ್ ಎಳಸ್ರಿ.

ರಿಜೆಕ್ಟ್ ನೀರಿನ ಬಗ್ಗೆ ಯಾರೂ ಬರೀಲಿಲ್ಲ. ಅದನ್ನ ಇಂಗುಗುಂಡಿಗೆ ಬಿಡಬ್ಯಾಡ್ರಿ, ಅದೇ ಬೋರಿಗೆ ಎರಡು ಪಟ್ಟು ಫ್ಲೋರೈಡ್ ವಾಪಸ್ ಹೋಗ್ತದ. ರಸ್ತೆ ಬಾಜೂಕ ಹೊಂಡ ಆಗಿ ನಿಂತ್ರ ದನ-ಕುರಿ ಕುಡೀತಾವ, ಅವಕ್ಕೂ ಎಲುಬು ಹಿಡೀತಾವ. ಒಂದು ಟಾಕಿ ಕೂಡಿಸಿ ಶಾಲೆಯ ಶೌಚಾಲಯಕ್ಕ, ಸಮುದಾಯ ಶೌಚಾಲಯಕ್ಕ ಪೈಪ್ ಎಳಸ್ರಿ, ಗಾಡಿ ತೊಳ್ಯಾಕ ಬಿಡ್ರಿ.

ಕೀಲಿ ಬಿದ್ದು ಭಾಳ ದಿನ ಆದ ಮಷಿನ್ ಸೀದಾ ಚಾಲೂ ಮಾಡಿ ನೀರು ಹಂಚಬ್ಯಾಡ್ರಿ, ಒಳಗ ಪಾಚಿ, ಹುಳ ಬೆಳದಿರ್ತಾವ. ಶುದ್ಧ ನೀರಿನ ಟಾಕಿ ಬ್ರಷ್ ಹಾಕಿ ತಿಕ್ಕಿ, ಬ್ಲೀಚಿಂಗ್ ತಿಳಿ ನೀರಿಲೆ ತೊಳದು ಖಾಲಿ ಮಾಡ್ರಿ. ಆ ನೀರು ಮೆಂಬ್ರೇನ್ ಕಡೆ ಹಿಂದಕ್ಕ ಹೋಗದಂಗ ವಾಲ್ ಮುಚ್ಚಿರಬೇಕು. ಉಸುಕು, ಇದ್ದಲಿ ಅರ್ಧ ತಾಸು ಉಲ್ಟಾ ತೊಳೀರಿ, ಕಾರ್ಟ್ರಿಜ್ ಹೊಸಾದು ಹಾಕ್ರಿ, ಸಿಟ್ರಿಕ್ ಆಸಿಡ್ ತೊಳತ ಮುಗಸ್ರಿ, ಯುವಿ ದೀಪ ಹತ್ತದೇನು ನೋಡ್ರಿ. ಒಂದು ವರ್ಷ ಓಡಿದ ದೀಪ ಬೆಳಕು ಕೊಟ್ರೂ ರೋಗಾಣು ಕೊಲ್ಲೋ ಶಕ್ತಿ ಕಡಿಮಿ ಆಗಿರ್ತದ, ಬದಲಿಸ್ರಿ. ಎರಡು ತಾಸಿನ ನೀರು ಚೆಲ್ಲಿ, ಆಮ್ಯಾಲೆ ಸ್ಯಾಂಪಲ್ ಲ್ಯಾಬಿಗೆ ಕಳಸ್ರಿ. ವರದಿ ಬರೋತನ ಕಾಯಿನ್ ಬಾಕ್ಸಿನ ಕರೆಂಟು ತಗದಿಡ್ರಿ. ಮುಂದ ಯಾವ ಕಾರಣಕ್ಕ ನಿಲ್ಲಿಸಿದ್ರೂ ದಿನಕ್ಕ ಅರ್ಧ ತಾಸು ಓಡಿಸಲೇಬೇಕು. ವಾರದ ಮ್ಯಾಲೆ ನಿಲ್ಲಿಸೋದು ಇದ್ರ ಮೆಂಬ್ರೇನ್ ಒಳಗ ಶೇ 1ರ ಸೋಡಿಯಂ ಮೆಟಾಬೈಸಲ್ಫೈಟ್ ನೀರು ತುಂಬಿ ಮುಚ್ಚಿಡಬೇಕು. ಮಷಿನ್ ಮುಂದ ನಿಂತು ಆ ಅಂಕಿ ಬರಕೊಂಡ ಮ್ಯಾಲೆ ಇಲ್ಲೇ ಹಾಕ್ರಿ, ಯಾವ ಭಾಗ ಬೇಕು, ಯಾವುದು ಬ್ಯಾಡ ಅಂತ ನೋಡಿ ಹೇಳ್ತೀನಿ.